ಕಥೆ ಹೇಳುವ ಗೇಮನ್ನು ಬಿಡುಗಡೆಗೆ ಮುಂಚೆ ಆಡಿಸಿ ನೋಡುವುದು ಹೇಗೆ?

ರೇಸಿಂಗ್ ಗೇಮ್ ಆದರೆ ಒಬ್ಬನೇ ಗೆಳೆಯನ ಕೈಲಿ ನೂರು ಸಲ ಆಡಿಸಬಹುದು. ಕಥೆಯೇ ಜೀವಾಳವಾದ ಗೇಮನ್ನು ಹಾಗೆ ಆಡಿಸಲು ಆಗುವುದಿಲ್ಲ. ಕೊನೆಗೆ ಏನಾಗುತ್ತದೆ ಎಂದು ಒಮ್ಮೆ ಗೊತ್ತಾದರೆ ಮುಗಿಯಿತು, ಅದನ್ನು ಮರೆಸುವ ದಾರಿ ಇಲ್ಲ. ನಿಮ್ಮ ಗೇಮ್ ಆಡಿ ನೋಡಲು ಇಪ್ಪತ್ತು ಜನ ಒಪ್ಪಿದ್ದಾರೆ ಅಂದರೆ, ನಿಮ್ಮ ಕೈಯಲ್ಲಿರುವುದು ಇಪ್ಪತ್ತೇ ಮೊದಲ ಓದುಗಳು. ಅವನ್ನು ದುಡ್ಡಿನ ಹಾಗೆ ಲೆಕ್ಕ ಇಟ್ಟು ಖರ್ಚು ಮಾಡಬೇಕು.

ಗೇಮ್ ಪ್ರಯೋಗದ ಜಾತಿಯದ್ದಾದರೆ ಇನ್ನೊಂದು ತೊಡಕು. ಆಡುವವರು ಗೊಂದಲಕ್ಕೆ ಬೀಳುತ್ತಾರೆ. ಅದು ನೀವೇ ಬೇಕೆಂದು ಇಟ್ಟ ಗೊಂದಲವಾ, ನಿಮಗೆ ಗೊತ್ತಿಲ್ಲದೆ ನುಸುಳಿದ್ದಾ? ಟೆಸ್ಟಿಂಗ್ ಎಂದರೆ ನನ್ನ ಪಾಲಿಗೆ ಈ ಎರಡನ್ನು ಬೇರೆ ಮಾಡುವ ಕೆಲಸ. ಎಲ್ಲ ಗೊಂದಲವನ್ನೂ ಒರೆಸಿ ಹಾಕಿದರೆ ಗೇಮ್ ಸಲೀಸಾಗುತ್ತದೆ, ಆದರೆ ನೀವು ಅದನ್ನು ಯಾಕೆ ಮಾಡಲು ಹೊರಟಿರೋ ಆ ಕಾರಣವೇ ಮಾಯವಾಗುತ್ತದೆ.

ನಾನು ಮಾಡಿದ ಒಂದು ಸಣ್ಣ ಗೇಮನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಕವಲು ಕಥೆ ಬರೆಯುವ ಟ್ವೈನ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, ಆಡಲು ಸುಮಾರು 40 ನಿಮಿಷ. ಮಲೆನಾಡಿನ ಒಂದು ಮನೆ. ಅಜ್ಜಿಗೆ ಕಣ್ಣು ಮಂಜಾಗಿದೆ. ದೂರದಲ್ಲಿರುವ ಮಗನಿಂದ ಬಂದ ಪತ್ರಗಳನ್ನು ಮೊಮ್ಮಗಳು ಓದಿ ಹೇಳಬೇಕು. ಯಾವ ಸಾಲು ಓದುವುದು, ಯಾವುದನ್ನು ನುಂಗಿಕೊಳ್ಳುವುದು, ಇಷ್ಟೇ ಆಟ. ಅಂಕ ಇಲ್ಲ, ಗೆಲುವು ಇಲ್ಲ. ಓದದೆ ಬಿಟ್ಟ ಸಾಲುಗಳು ಮುಂದೆ ಕಥೆಯನ್ನು ತಿರುಗಿಸುತ್ತವೆ.

ಹೆಜ್ಜೆ 1: ಮೊದಲು ಒಂದು ಹಾಳೆ ಬರೆಯಿರಿ

ಯಾರನ್ನೂ ಕರೆಯುವ ಮುಂಚೆ ಈ ಕೆಲಸ ಆಗಬೇಕು. ಒಂದೊಂದು ದೃಶ್ಯಕ್ಕೂ ಮೂರು ಮಾತು ಬರೆಯಿರಿ. ಈ ದೃಶ್ಯ ಮುಗಿದಾಗ ಆಡುವವರಿಗೆ ಏನು ಗೊತ್ತಿರಬೇಕು? ಏನು ಗೊತ್ತಿರಬಾರದು, ಅಥವಾ ಯಾವುದನ್ನು ಅವರು ತಪ್ಪಾಗಿ ತಿಳಿದಿರಬೇಕು? ಇಲ್ಲಿ ಯಾವ ಗೊಂದಲ ನನಗೆ ಬೇಕು?

ನನ್ನ ಎರಡನೇ ಪತ್ರದ ದೃಶ್ಯಕ್ಕೆ ನಾನು ಬರೆದದ್ದು ಹೀಗೆ: 'ಸಾಲು ಬಿಡಬಹುದು ಎಂದು ಗೊತ್ತಿರಬೇಕು. ಮಗ ಸಾಲ ಮಾಡಿದ್ದಾನೆ ಎಂದು ಗೊತ್ತಿರಬೇಕು. ಅಜ್ಜಿಗೆ ಇದು ಮೊದಲೇ ತಿಳಿದಿದೆ ಎಂಬ ಅನುಮಾನ ಬರಬಾರದು. ಸಾಲದ ಸಾಲು ಓದಬೇಕಾ ಬೇಡವಾ ಎಂದು ಕೈ ತಡೆಯಬೇಕು.'

ಹಾಳೆಗೆ ತಾರೀಖು ಹಾಕಿಡಿ, ಮತ್ತೆ ತಿದ್ದಬೇಡಿ. ಟೆಸ್ಟ್ ಆದಮೇಲೆ ನಮ್ಮ ಮನಸ್ಸು ಬಹಳ ಬೇಗ ಸಮಜಾಯಿಷಿ ಕೊಡಲು ಶುರು ಮಾಡುತ್ತದೆ. 'ಹೌದು, ನನಗೂ ಅದೇ ಬೇಕಿತ್ತು' ಎನ್ನುತ್ತದೆ. ಹಾಳೆ ಇದ್ದರೆ ಹಾಗೆ ಹೇಳಲು ಆಗುವುದಿಲ್ಲ.

ಹೆಜ್ಜೆ 2: ಯಂತ್ರ ಮಾಡುವ ಕೆಲಸವನ್ನು ಯಂತ್ರಕ್ಕೆ ಬಿಡಿ

ಕೊಂಡಿ ಮುರಿದಿದೆ, ಬಾಗಿಲು ತೆರೆಯುತ್ತಿಲ್ಲ, ಸೇವ್ ಆಗುತ್ತಿಲ್ಲ ಎಂಬುದನ್ನು ಕಂಡುಹಿಡಿಯಲು ಒಂದು ಮೊದಲ ಓದನ್ನು ಖರ್ಚು ಮಾಡುವುದು ದಂಡ. ಹೌದು-ಇಲ್ಲ ಎಂಬ ಹತ್ತು ಆಯ್ಕೆಗಳಿದ್ದರೆ ಗೇಮ್ 1024 ಬೇರೆ ಬೇರೆ ಸ್ಥಿತಿಗಳಲ್ಲಿ ಇರಬಹುದು. ಇಷ್ಟನ್ನು ಮನುಷ್ಯರ ಕೈಲಿ ಆಡಿಸಿ ಮುಗಿಸಲು ಆಗುತ್ತದಾ?

ಟ್ವೈನ್ ಹಾಗೆಯೇ ಕವಲು ಕಥೆಗೆಂದೇ ಇರುವ ಚಾಯ್ಸ್‌ಸ್ಕ್ರಿಪ್ಟ್ ಬಳಸುವವರಿಗೆ ಕ್ವಿಕ್‌ಟೆಸ್ಟ್, ರ‍್ಯಾಂಡಮ್‌ಟೆಸ್ಟ್ ಎಂಬ ಎರಡು ಸಲಕರಣೆಗಳು ಜೊತೆಗೇ ಬರುತ್ತವೆ. ರ‍್ಯಾಂಡಮ್‌ಟೆಸ್ಟ್ ಮನಸ್ಸಿಗೆ ಬಂದ ಆಯ್ಕೆ ಒತ್ತುತ್ತಾ ಗೇಮನ್ನು ಸಾವಿರಾರು ಸಲ ಆಡಿ, ಯಾವ ಸಾಲಿಗೆ ಎಷ್ಟು ಸಲ ಬಂದೆ ಎಂದು ಲೆಕ್ಕ ಕೊಡುತ್ತದೆ. ಯಾರೂ ತಲುಪದ ದೃಶ್ಯ ಅಲ್ಲೇ ಸಿಕ್ಕಿಬೀಳುತ್ತದೆ. ಇಂಕ್ ಎಂಬ ಇನ್ನೊಂದು ಕಥೆ ಬರೆಯುವ ಭಾಷೆಯಲ್ಲಿ ಬರೆಯುವವರಿಗೆ ತುದಿ ಇಲ್ಲದೆ ನಿಂತ ಕವಲುಗಳ ಬಗ್ಗೆ ಎಡಿಟರೇ ಎಚ್ಚರಿಸುತ್ತದೆ. ಟ್ವೈನ್ ಮುರಿದ ಕೊಂಡಿಗಳನ್ನು ನಕ್ಷೆಯಲ್ಲೇ ತೋರಿಸುತ್ತದೆ. ನೀವು ಬೇರೇನಾದರೂ ಬಳಸುತ್ತಿದ್ದರೆ, ಯಾವ ದೃಶ್ಯಕ್ಕೆ ಬೇಕಾದರೂ ನೇರವಾಗಿ ಹಾರುವ ಒಂದು ಗುಟ್ಟಿನ ಮೆನು ಮಾಡಿಟ್ಟುಕೊಳ್ಳಿ. ಬಹಳ ಸಮಯ ಉಳಿಯುತ್ತದೆ.

ಕನ್ನಡದಲ್ಲಿ ಗೇಮ್ ಮಾಡುವವರು ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಬ್ರೌಸರಿನಲ್ಲಿ ಆಡುವ ಗೇಮ್‌ಗಳಲ್ಲಿ ಒತ್ತಕ್ಷರ ಸರಿಯಾಗಿಯೇ ಕೂರುತ್ತದೆ. ಗೇಮ್ ಕಟ್ಟುವ ಸಾಫ್ಟ್‌ವೇರ್ ಗೋಡೋ 4ರಲ್ಲೂ ತೊಂದರೆ ಇಲ್ಲ. ಅಂಥದ್ದೇ ಆದ ಯೂನಿಟಿಯಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರಗಳನ್ನು ತಾನಾಗಿ ಜೋಡಿಸಿಕೊಡುವುದಿಲ್ಲ, ಅದಕ್ಕೆ ಬೇರೆ ಏರ್ಪಾಡು ಬೇಕು. 'ಸ್ತ್ರೀ', 'ರಾಷ್ಟ್ರ', 'ಅರ್ಥ', 'ಸಾಫ್ಟ್‌ವೇರ್', ಇಂಥ ಐದಾರು ಪದಗಳಿರುವ ಒಂದು ಪರೀಕ್ಷೆಯ ಪುಟ ಮಾಡಿ, ಪ್ರತಿ ಬಿಲ್ಡ್‌ನಲ್ಲೂ, ಅಂದರೆ ಗೇಮಿನ ಪ್ರತಿ ಹೊಸ ಆವೃತ್ತಿಯಲ್ಲೂ, ಮೊದಲು ಅದನ್ನು ತೆರೆದು ನೋಡಿ. ಇನ್ನೊಂದು ವಿಷಯ. ಅಕ್ಷರಗಳು ಟೈಪ್ ಆದ ಹಾಗೆ ಒಂದೊಂದಾಗಿ ಮೂಡುವ ಪರಿಣಾಮ ಎಲ್ಲರಿಗೂ ಇಷ್ಟ, ಅಲ್ವಾ? ಕನ್ನಡದಲ್ಲಿ ಅದು ಕೆಡುತ್ತದೆ. 'ಕ್ಷಿ' ಎಂಬುದು ಮೊದಲು 'ಕ', ಆಮೇಲೆ 'ಕ್', ಆಮೇಲೆ 'ಕ್ಷ', ಕೊನೆಗೆ 'ಕ್ಷಿ' ಎಂದು ಕಣ್ಣೆದುರೇ ಕುಣಿಯುತ್ತದೆ. ಪೂರ್ತಿ ಪದವನ್ನೇ ಒಂದೊಂದಾಗಿ ಮೂಡಿಸಿ. ಓದಲೂ ಹಿತವಾಗಿರುತ್ತದೆ.

ಹೆಜ್ಜೆ 3: ಯಾರನ್ನು ಕರೆಯಬೇಕು?

ಮನೆಯವರನ್ನು ಮೊದಲು ಕರೆಯಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು, ಅವರ ಪ್ರೀತಿ ನಿಮ್ಮ ಮೇಲೆ. ಗೇಮ್ ಮಾಡುವ ಗೆಳೆಯರೂ ಮೊದಲ ಸುತ್ತಿಗೆ ಬೇಡ. ಅವರು ಆಡುವಾಗಲೇ ತಾವಾದರೆ ಹೇಗೆ ಮಾಡುತ್ತಿದ್ದೆವು ಎಂದು ಯೋಚಿಸುತ್ತಿರುತ್ತಾರೆ.

ನನಗೆ ಮೂರು ಬಗೆಯ ಜನ ಬೇಕು. ಗೇಮ್ ಆಡಿ ಪಳಗಿದವರು ಒಂದಿಷ್ಟು ಜನ. ಕಥೆ, ಕಾದಂಬರಿ ಓದುವ, ಆದರೆ ಗೇಮ್ ಮುಟ್ಟದವರು ಒಂದಿಷ್ಟು. ಮೂರನೆಯವರು ನಿಮ್ಮ ಕಥೆಯ ಬದುಕನ್ನು ನಿಜವಾಗಿ ಕಂಡವರು. ಈ ಮೂರನೆಯವರನ್ನು ತುಂಬಾ ಜನ ಮರೆಯುತ್ತಾರೆ. ನನ್ನ ಗೇಮಿಗೆ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಸಿಕ್ಕಿದರು. ಓದು ಬಾರದವರ ಮನೆ ಜಗಲಿಯಲ್ಲಿ ಕೂತು ಪತ್ರ ಓದಿ ಹೇಳಿದವರು. ಗೇಮ್ ನೋಡಿ ಅವರು ಹೇಳಿದ್ದು ಎರಡೇ ಮಾತು. ಒಂದು, 'ಇನ್‌ಲ್ಯಾಂಡ್ ಲೆಟರಿನಲ್ಲಿ ಇಷ್ಟುದ್ದ ಬರೆಯಲು ಜಾಗ ಎಲ್ಲಿರುತ್ತದೆ?' ಎರಡನೆಯದು, 'ನಾವು ಸೀದಾ ಗಟ್ಟಿಯಾಗಿ ಓದುತ್ತಿರಲಿಲ್ಲ. ಮೊದಲು ಒಮ್ಮೆ ಮನಸ್ಸಿನಲ್ಲೇ ಕಣ್ಣಾಡಿಸುತ್ತಿದ್ದೆವು. ಕೆಟ್ಟ ಸುದ್ದಿ ಇದ್ದರೆ ಗೊತ್ತಾಗಬೇಕಲ್ಲ. ಅಷ್ಟರಲ್ಲಿ ಎದುರಿದ್ದವರು ನಮ್ಮ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದರು.'

ಆ ಎರಡನೇ ಮಾತು ನನ್ನ ಗೇಮನ್ನೇ ಬದಲಿಸಿತು. ಮೊದಲು ಸಾಲುಗಳು ಒಂದೊಂದಾಗಿ ಬರುತ್ತಿದ್ದವು, ಆಗಲೇ ಆಯ್ಕೆ ಮಾಡಬೇಕಿತ್ತು. ಈಗ ಪೂರ್ತಿ ಪತ್ರ ಕಾಣುತ್ತದೆ. ಕಣ್ಣಾಡಿಸುವಷ್ಟು ಹೊತ್ತೂ ಅಜ್ಜಿ ಕಾಯುತ್ತಾ ಕೂತಿರುತ್ತಾಳೆ. ಜಾಸ್ತಿ ಹೊತ್ತು ತೆಗೆದುಕೊಂಡರೆ ಆಕೆಗೆ ಏನೋ ಅನುಮಾನ.

ಲೆಕ್ಕಕ್ಕೆ ಬಂದರೆ, ಒಂದು ಸುತ್ತಿಗೆ ನಾಲ್ಕು ಜನ ಸಾಕು. ಐದು ಜನರಲ್ಲೇ ಹೆಚ್ಚಿನ ದೋಷಗಳು ಕಾಣುತ್ತವೆ ಎಂದು ಜಾಲತಾಣಗಳ ಬಳಕೆಯನ್ನು ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಮಾತನ್ನು ತುಂಬಾ ಜನ ಹೇಳುತ್ತಾರೆ. ಅವರು ಹೇಳಿದ್ದು ಬಳಕೆಯ ತೊಡಕುಗಳ ಬಗ್ಗೆ. ಬಟನ್ ಕಾಣುತ್ತಿಲ್ಲ ಎಂಬುದು ಐದು ಜನರಲ್ಲಿ ಗೊತ್ತಾಗುತ್ತದೆ, ಕಥೆ ಹೇಗೆ ಅರ್ಥವಾಯಿತು ಎಂಬುದಕ್ಕೆ ಅಷ್ಟು ಸಾಲದು. ಅದಕ್ಕೇ ಸುತ್ತುಗಳು ಹಲವು ಬೇಕು. ಇಪ್ಪತ್ತು ಜನರಿದ್ದರೆ ನಾಲ್ವರಂತೆ ನಾಲ್ಕು ಸುತ್ತು ಮಾಡಿ. ಉಳಿದ ನಾಲ್ವರಲ್ಲಿ ಇಬ್ಬರು ಬಾರದೇ ಇರಬಹುದು. ಕೊನೆಯ ಇಬ್ಬರನ್ನು ಮಾತ್ರ ಏನೇ ಆದರೂ ಮುಟ್ಟಬೇಡಿ. ಅವರ ಮಾತು ಆಮೇಲೆ ಬರುತ್ತದೆ. ಒಮ್ಮೆ ಮಾತ್ರ ಬಳಸಬಹುದಾದ ಇಂಥವರನ್ನು ಗೇಮ್ ಕಂಪನಿಗಳಲ್ಲಿ 'ಕ್ಲೀನೆಕ್ಸ್ ಟೆಸ್ಟರ್' ಎನ್ನುತ್ತಾರೆ. ಕ್ಲೀನೆಕ್ಸ್ ಎಂದರೆ ಒಮ್ಮೆ ಒರೆಸಿ ಬಿಸಾಡುವ ಕಾಗದ. ಹೆಸರು ನನಗೆ ಇಷ್ಟವಿಲ್ಲ, ಮನುಷ್ಯರಲ್ವಾ ಅವರು? ಆದರೆ ಅದರ ಹಿಂದಿನ ವಿಚಾರ ಸರಿ.

18 ವರ್ಷ ತುಂಬದವರನ್ನು ಆಡಿಸುವುದಾದರೆ ತಂದೆತಾಯಿಯ ಒಪ್ಪಿಗೆ ಬರಹದಲ್ಲೇ ಇರಲಿ. ಕಥೆಯಲ್ಲಿ ಸಾವು, ಹೊಡೆತ, ಆತ್ಮಹತ್ಯೆಯಂಥದ್ದು ಇದ್ದರೆ ಕರೆಯುವಾಗಲೇ ಹೇಳಿ. ಎಲ್ಲಿ, ಯಾರಿಗೆ ಎಂದು ಹೇಳಬೇಕಿಲ್ಲ, ಇದೆ ಎಂದರೆ ಸಾಕು. ಪರದೆ ಒಂದು ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿನುಗುವ ದೃಶ್ಯ ಇದ್ದರೆ ಅದನ್ನು ತೆಗೆಯಿರಿ. ಮೂರ್ಛೆ ರೋಗ ಇರುವವರಿಗೆ ಅದು ಅಪಾಯ.

ಹೆಜ್ಜೆ 4: ಗೇಮನ್ನು ತಲುಪಿಸುವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಚ್.ಐಒ ಎಂಬ ಗೇಮ್ ಹಂಚುವ ಜಾಲತಾಣದಲ್ಲಿ ನಿಮ್ಮ ಗೇಮಿನ ಪುಟಕ್ಕೆ ಪಾಸ್‌ವರ್ಡ್ ಹಾಕಿ, ಬ್ರೌಸರಿನಲ್ಲೇ ಆಡುವ ಹಾಗೆ ಇಡಬಹುದು. ಸಣ್ಣ ಗೇಮ್‌ಗಳಿಗೆ ಅದೇ ಸುಲಭ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ 2020ರಿಂದ ಸ್ಟೀಮ್ ಪ್ಲೇಟೆಸ್ಟ್ ಎಂಬ ಸೌಲಭ್ಯ ಇದೆ. ಅದು ನಿಮ್ಮ ಗೇಮಿನಿಂದ ಬೇರೆಯಾಗಿ ನಿಲ್ಲುತ್ತದೆ, ಅದರಲ್ಲಿ ಆಡಿದವರು ರಿವ್ಯೂ ಬರೆಯಲು ಬರುವುದಿಲ್ಲ. ಆಂಡ್ರಾಯ್ಡ್‌ಗೆ ತರುವವರು ಒಂದು ನಿಯಮ ನೆನಪಿಡಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆ ನಿಮ್ಮದಾದರೆ, ಗೂಗಲ್ ಪ್ಲೇನಲ್ಲಿ ಬಿಡುಗಡೆಗೆ ಮುಂಚೆ ಮುಚ್ಚಿದ ಟೆಸ್ಟ್, ಅಂದರೆ ನೀವು ಕರೆದವರಷ್ಟೇ ಆಡುವ ಟೆಸ್ಟ್, ನಡೆಸಲೇಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರಿನಲ್ಲಿ ಅದನ್ನು 12ಕ್ಕೆ ಇಳಿಸಿದರು. ಅವರು 14 ದಿನ ಬಿಡದೆ ಆ ಟೆಸ್ಟಿನಲ್ಲಿ ಸೇರಿರಬೇಕು. ಈ ಹನ್ನೆರಡು ಜನಕ್ಕೆ ನಿಮ್ಮ ಮೊದಲ ಓದುಗಳನ್ನು ಕೊಡಬೇಡಿ. ಆಗಲೇ ಆಡಿದವರನ್ನು ಸೇರಿಸಿ.

ಪರದೆಯ ಮೂಲೆಯಲ್ಲಿ ಬಿಲ್ಡ್ ನಂಬರ್ ಸಣ್ಣದಾಗಿ ಕಾಣಲಿ. ಕಡಿಮೆ ಬೆಲೆಯ ಒಂದು ಹಳೇ ಫೋನಿನಲ್ಲೂ ಓಡಿಸಿ ನೋಡಿ.

ಹೆಜ್ಜೆ 5: ಪಕ್ಕದಲ್ಲಿ ಕೂತು ಸುಮ್ಮನಿರುವುದು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು.

1998ರಲ್ಲಿ ಬಂದ ಹಾಫ್-ಲೈಫ್ ಗೇಮನ್ನು ವಾಲ್ವ್ ಕಂಪನಿಯವರು 200ಕ್ಕೂ ಜಾಸ್ತಿ ಸಲ ಹೊರಗಿನವರ ಕೈಲಿ ಆಡಿಸಿದ್ದರು. ವಿನ್ಯಾಸ ಮಾಡಿದವರು ಹಿಂದೆ ಕೂತು ನೋಡಬೇಕು, ಬಾಯಿ ಬಿಡಬಾರದು. ತಾವು ಸಲೀಸು ಎಂದುಕೊಂಡ ಜಾಗದಲ್ಲಿ ಯಾರೋ ಅರ್ಧ ಗಂಟೆ ಒದ್ದಾಡುವುದನ್ನು ತುಟಿ ಕಚ್ಚಿ ನೋಡುವುದು ಎಂಥ ಸಂಕಟ ಎಂದು ಒಮ್ಮೆ ಕೂತರೆ ಗೊತ್ತಾಗುತ್ತದೆ. ಆ ಸಂಕಟದಲ್ಲೇ ಎಲ್ಲ ಪಾಠವೂ ಇದೆ.

ಶುರುವಿನಲ್ಲಿ ನಾನು ಹೇಳುವುದು ಇಷ್ಟೇ: 'ಪರೀಕ್ಷೆ ನಿಮಗಲ್ಲ, ಗೇಮಿಗೆ. ನಾನು ಇಲ್ಲಿ ಇಲ್ಲ ಅಂದುಕೊಂಡು ಆಡಿ. ಬೇಜಾರಾದರೆ ಎಲ್ಲಿ ಬೇಕಾದರೂ ನಿಲ್ಲಿಸಿ. ನಿಲ್ಲಿಸಿದರೆ ಅದೂ ನನಗೆ ಉಪಯೋಗವೇ.' ಕಥೆಯ ಬಗ್ಗೆ ಒಂದು ಪದವೂ ಬೇಡ. 'ಇದು ಸ್ವಲ್ಪ ಬೇರೆ ತರಹದ ಗೇಮ್' ಎಂದರೂ ಕೆಟ್ಟಿತು. ಅವರು ಬೇರೆತನವನ್ನು ಹುಡುಕಿಕೊಂಡು ಆಡುತ್ತಾರೆ. ಬಿಡುಗಡೆಯ ದಿನ ನೀವು ಎಲ್ಲರ ಕಿವಿಯಲ್ಲಿ ಹಾಗೆ ಹೇಳಲು ಹೋಗುವುದಿಲ್ಲವಲ್ಲ.

ನಡುವೆ 'ಇದನ್ನು ಒತ್ತಬಹುದಾ?' ಎಂದು ಕೇಳಿದರೆ, 'ನಾನು ಪಕ್ಕದಲ್ಲಿ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ?' ಎಂದು ತಿರುಗಿ ಕೇಳಿ. ಪೂರ್ತಿ ಸಿಕ್ಕಿಹಾಕಿಕೊಂಡರೆ ಐದು ನಿಮಿಷ ಕಾಯಿರಿ. ಆಮೇಲೆ ದಾರಿ ತೋರಿಸಿ, ಎಲ್ಲಿ ತೋರಿಸಿದಿರಿ ಎಂದು ಬರೆದುಕೊಳ್ಳಿ.

ಆ್ಯಪ್ ಪರೀಕ್ಷಿಸುವವರು 'ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಿ' ಎನ್ನುತ್ತಾರೆ. ಕಥೆಯ ಗೇಮಿಗೆ ಅದು ಹೊಂದುವುದಿಲ್ಲ ಎಂಬುದು ನನ್ನ ಅನುಭವ. ಮಾತಾಡುತ್ತಾ ಓದಿದರೆ ಓದು ಒಳಗೆ ಇಳಿಯುವುದಿಲ್ಲ. ಬದಲಿಗೆ ಒಬಿಎಸ್ ಸ್ಟುಡಿಯೋದಲ್ಲಿ ಪರದೆ ರೆಕಾರ್ಡ್ ಮಾಡಿ. ಅದು ಉಚಿತ. ಆಟ ಮುಗಿದ ಮೇಲೆ ಬೇಕಾದ ಜಾಗವನ್ನು ತೋರಿಸಿ, 'ಇಲ್ಲಿ ಏನು ಯೋಚಿಸುತ್ತಿದ್ದಿರಿ?' ಎಂದು ಕೇಳಿ. ರೆಕಾರ್ಡ್ ಮಾಡುತ್ತೇನೆ, ಯಾರಿಗೂ ತೋರಿಸುವುದಿಲ್ಲ, ಇಂಥ ದಿನ ಅಳಿಸುತ್ತೇನೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಟಿಪ್ಪಣಿಯಲ್ಲಿ ಕಂಡದ್ದನ್ನಷ್ಟೇ ಬರೆಯಿರಿ. 'ಅವರಿಗೆ ಬೇಜಾರಾಯಿತು' ಎಂಬುದು ನಿಮ್ಮ ಊಹೆ. '12ನೇ ನಿಮಿಷ, ಮೂರನೇ ಪತ್ರ, ಗಡಿಯಾರ ನೋಡಿದರು' ಎಂಬುದು ಕಂಡದ್ದು. ನಗು, ನಿಟ್ಟುಸಿರು, ಮುಂದೆ ಬಾಗಿದ್ದು, ಓದದೆ ತಟತಟ ಒತ್ತಿದ್ದು, ಹಿಂದಕ್ಕೆ ಹೋಗಿ ಮತ್ತೆ ಓದಿದ್ದು. ಇವೆಲ್ಲ ಮಾತಿಗಿಂತ ಜಾಸ್ತಿ ಹೇಳುತ್ತವೆ.

ಹೆಜ್ಜೆ 6: ಆಟ ಮುಗಿದ ಮೇಲೆ ಕೇಳುವುದು

'ಹೇಗಿತ್ತು?' ಎಂದು ಕೇಳಬೇಡಿ. ನಮ್ಮಲ್ಲಿ ಯಾರ ಮುಖದ ಮೇಲೂ 'ಚೆನ್ನಾಗಿಲ್ಲ' ಎನ್ನುವುದಿಲ್ಲ. 'ಚೆನ್ನಾಗಿದೆ' ಎನ್ನುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ನಿಮಗೆ ಏನೂ ಸಿಗುವುದಿಲ್ಲ.

ಮೊದಲ ಪ್ರಶ್ನೆ ಇದಾಗಿರಲಿ: 'ಮನೆಗೆ ಹೋಗಿ ಈ ಕಥೆಯನ್ನು ಯಾರಿಗಾದರೂ ಹೇಳುವುದಾದರೆ ಹೇಗೆ ಹೇಳುತ್ತೀರಿ? ನನಗೇ ಹೇಳಿ.' ನಡುವೆ ತಿದ್ದಬೇಡಿ. ಅವರು ಬಿಟ್ಟದ್ದು, ಸೇರಿಸಿದ್ದು, ಹಿಂದೆಮುಂದೆ ಮಾಡಿದ್ದು ಎಲ್ಲವನ್ನೂ ನಿಮ್ಮ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ನನ್ನ ಮೊದಲ ಸುತ್ತಿನ ನಾಲ್ವರಲ್ಲಿ ಮೂವರು ಕಥೆ ಹೇಳುವಾಗ 'ಎಲ್ಲ ಪತ್ರ ಓದಿ ಹೇಳಿದೆ' ಎಂದರು. ಸಾಲು ಬಿಡಬಹುದು ಎಂದೇ ಅವರಿಗೆ ಗೊತ್ತಾಗಿರಲಿಲ್ಲ. ಗೇಮಿನ ಪ್ರಾಣವೇ ಅವರಿಗೆ ತಲುಪಿರಲಿಲ್ಲ, ಆದರೂ ಮೂವರೂ 'ಚೆನ್ನಾಗಿದೆ' ಎಂದಿದ್ದರು.

ಆಮೇಲೆ ಕೇಳಲು ಕೆಲವು:

- ಎಲ್ಲಿ ಬಿಟ್ಟು ಏಳೋಣ ಅನ್ನಿಸಿತು?
- ಯಾವ ಆಯ್ಕೆ ಮಾಡುವಾಗ ಕೈ ತಡೆಯಿತು?
- ಅಜ್ಜಿಗೆ ಏನೇನು ಗೊತ್ತಿತ್ತು ಅಂದುಕೊಂಡಿರಿ?
- ಗೇಮ್ ನಿಮ್ಮ ಮಾತು ಕೇಳಿಸಿಕೊಂಡಿತು ಅನ್ನಿಸಿದ್ದು ಎಲ್ಲಿ? ಕೇಳಿಸಿಕೊಳ್ಳಲಿಲ್ಲ ಅನ್ನಿಸಿದ್ದು ಎಲ್ಲಿ?

ಒಂದು ವಾರ ಬಿಟ್ಟು ಫೋನ್ ಮಾಡಿ. 'ಏನು ನೆನಪಿದೆ?' ಎಂದಷ್ಟೇ ಕೇಳಿ. ಕಥೆಯ ಗೇಮಿನಲ್ಲಿ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ನಾನು ತಿಂಗಳುಗಟ್ಟಲೆ ಬರೆದ ಕೊನೆಯ ದೃಶ್ಯ ಇಬ್ಬರಿಗೆ ನೆನಪೇ ಇರಲಿಲ್ಲ. ಅಜ್ಜಿ ಪತ್ರವನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡದ್ದು ನಾಲ್ವರಿಗೂ ನೆನಪಿತ್ತು. ಕೊನೆಯ ದೃಶ್ಯವನ್ನು ಅರ್ಧಕ್ಕೆ ಇಳಿಸಿದೆ.

ಹೆಜ್ಜೆ 7: ಕೈಯ ಗೊಂದಲ, ಮನಸ್ಸಿನ ಗೊಂದಲ

ಈಗ ಟಿಪ್ಪಣಿಗಳನ್ನು ಹರಡಿಕೊಂಡು ಕೂರಿ. ಎಲ್ಲೆಲ್ಲಿ ಗೊಂದಲವಾಯಿತೋ ಅಲ್ಲೆಲ್ಲ ಒಂದು ಪ್ರಶ್ನೆ ಹಾಕಿಕೊಳ್ಳಿ. ಇದು ಕೈಯ ಗೊಂದಲವಾ, ಮನಸ್ಸಿನ ಗೊಂದಲವಾ? ಎಲ್ಲಿ ಒತ್ತಬೇಕು, ಫೋನ್ ಹ್ಯಾಂಗ್ ಆಯಿತಾ, ಗೇಮ್ ಮುಗಿಯಿತಾ ಎಂಬುದೆಲ್ಲ ಕೈಯ ಗೊಂದಲ. ಓದಿ ಹೇಳಲಾ ಬೇಡವಾ, ಇವಳು ನಿಜ ಹೇಳುತ್ತಿದ್ದಾಳಾ ಎಂಬುದು ಮನಸ್ಸಿನ ಗೊಂದಲ. ಮೊದಲನೆಯದನ್ನು ತೆಗೆಯಲೇಬೇಕು. ಎರಡನೆಯದು ನಿಮ್ಮ ಹಾಳೆಯಲ್ಲಿದ್ದರೆ ಅದನ್ನು ಕಾಪಾಡಬೇಕು.

ಸ್ಯಾಮ್ ಬಾರ್ಲೋ ಮಾಡಿದ ಹರ್ ಸ್ಟೋರಿ (2015) ಇದಕ್ಕೆ ಒಳ್ಳೆಯ ಉದಾಹರಣೆ. ಪೊಲೀಸ್ ವಿಚಾರಣೆಯ ವಿಡಿಯೋ ತುಣುಕುಗಳನ್ನು ಪದ ಟೈಪ್ ಮಾಡಿ ಹುಡುಕುವುದು, ಅಷ್ಟೇ ಆಟ. ಕಥೆಯ ಹಿಂದೆಮುಂದೆ ಏನೂ ಗೊತ್ತಾಗುವುದಿಲ್ಲ. ಆದರೆ ಗೇಮ್ ಶುರುವಾದಾಗ ಹುಡುಕುವ ಜಾಗದಲ್ಲಿ 'ಕೊಲೆ' ಎಂಬ ಅರ್ಥದ ಇಂಗ್ಲಿಷ್ ಪದ ಆಗಲೇ ಕೂತಿರುತ್ತದೆ. ಏನು ಮಾಡಬೇಕು ಎಂದು ಕೈಗೆ ತಕ್ಷಣ ತಿಳಿಯುತ್ತದೆ. ಮನಸ್ಸಿಗೆ ಮಾತ್ರ ಏನೂ ತಿಳಿಯುವುದಿಲ್ಲ.

ನನ್ನ ಗೇಮಿನಲ್ಲಿ ನಾಲ್ಕನೇ ಪತ್ರದ ಸುದ್ದಿ ಕೇಳಿದ ಮೇಲೆ ಅಜ್ಜಿ ಎಂಟು ಸೆಕೆಂಡು ಮಾತಾಡುವುದಿಲ್ಲ. ಆ ಮೌನ ನನಗೆ ಬೇಕೇ ಬೇಕಿತ್ತು. ಆಡಿದವರೆಲ್ಲ ಪರದೆಯನ್ನು ಒತ್ತಿದ್ದೇ ಒತ್ತಿದ್ದು. ಒಬ್ಬರು ಫೋನ್ ಹ್ಯಾಂಗ್ ಆಯಿತೆಂದು ಗೇಮ್ ಮುಚ್ಚಿಯೇಬಿಟ್ಟರು. ಮೌನವನ್ನು ಎರಡು ಸೆಕೆಂಡಿಗೆ ಇಳಿಸು ಎಂದು ಇಬ್ಬರು ಸಲಹೆ ಕೊಟ್ಟರು. ನಾನು ಇಳಿಸಲಿಲ್ಲ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಹಾಕಿದೆ, ದೀಪದ ಬೆಳಕು ಸಣ್ಣಗೆ ಅಲುಗಾಡುವ ಹಾಗೆ ಮಾಡಿದೆ. ಗೇಮ್ ಬದುಕಿದೆ ಎಂದು ಕೈಗೆ ಗೊತ್ತಾಯಿತು. ಮುಂದಿನ ಸುತ್ತಿನ ನಾಲ್ವರಲ್ಲಿ ಒಬ್ಬರೂ ಒತ್ತಲಿಲ್ಲ.

ಆಡುವವರು ಎಲ್ಲಿ ನೋಯುತ್ತಿದೆ ಎಂದು ಹೇಳಿದರೆ ನಂಬಿ. ಯಾವ ಮದ್ದು ಹಾಕಬೇಕು ಎಂದು ಹೇಳಿದರೆ ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ಆದರೆ ನೀವೇ ಯೋಚಿಸಿ. ಕೆಲವು ಸಲ ಅವರ ತೊಡಕಿನಿಂದಲೇ ಕಥೆ ಹುಟ್ಟುತ್ತದೆ. ಪೋರ್ಟಲ್ (2007) ಗೇಮಿನ ಒಂದು ಹಂತದಲ್ಲಿ ಒಂದೇ ಪೆಟ್ಟಿಗೆಯನ್ನು ಕೊನೆತನಕ ಹೊತ್ತು ಸಾಗಬೇಕಿತ್ತು. ಟೆಸ್ಟರ್‌ಗಳು ಅದನ್ನು ಅಲ್ಲಲ್ಲೇ ಬಿಟ್ಟು ಹೋಗುತ್ತಿದ್ದರು. ತಂಡದವರು ಆ ಪೆಟ್ಟಿಗೆಯ ಮೇಲೆ ಹೃದಯದ ಗುರುತು ಹಾಕಿ, ಇದು ನಿನ್ನ ಸಂಗಾತಿ ಎಂದು ಗೇಮಿನ ದನಿಯಿಂದ ಹೇಳಿಸಿದರು. ಆ ಪೆಟ್ಟಿಗೆಯೇ ಆಮೇಲೆ ಗೇಮಿನ ಅತಿ ಪ್ರೀತಿಯ ಪಾತ್ರವಾಯಿತು.

ಎಷ್ಟು ಜನ ಹೇಳಿದರು ಎಂಬ ಲೆಕ್ಕ ಕೈಯ ಗೊಂದಲಕ್ಕೆ ಸರಿ. ನಾಲ್ವರಲ್ಲಿ ಇಬ್ಬರು ಎಡವಿದರೆ ತಿದ್ದಿ. ಬದುಕಿನ ವಿವರಕ್ಕೆ ಆ ಲೆಕ್ಕ ಬೇಡ. ಪೋಸ್ಟ್‌ಮ್ಯಾನ್ ಹೇಳಿದ ಮಾತನ್ನು ಬೇರೆ ಯಾರೂ ಹೇಳಿರಲಿಲ್ಲ. ಜಾತಿ, ಊರು, ಕಾಯಿಲೆ, ಭಾಷೆಯ ವಿಷಯದಲ್ಲಿ ಒಬ್ಬರೇ ನೊಂದು ಮಾತಾಡಿದರೂ ಅಂದಿನ ಕೆಲಸ ಬದಿಗಿಟ್ಟು ಕೇಳಿ.

ಹೆಜ್ಜೆ 8: ತಿದ್ದಿ, ಹೊಸಬರ ಕೈಗೆ ಕೊಡಿ

ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ದೊಡ್ಡ ಬದಲಾವಣೆ ಸಾಕು. ಹತ್ತು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಸಾಲು ಬಿಡಬಹುದು ಎಂದು ತಿಳಿಸಲು ನಾನು ಸೂಚನೆಯ ಪುಟ ಬರೆಯಲಿಲ್ಲ. ಮೊದಲ ಪತ್ರದಲ್ಲಿ ಮಗ 'ಇದನ್ನು ಅಜ್ಜಿಗೆ ಓದಬೇಡ' ಎಂದು ಮಗಳಿಗೇ ಒಂದು ಸಾಲು ಬರೆದಿರುವ ಹಾಗೆ ಮಾಡಿದೆ. ಕಥೆಯೊಳಗಿಂದಲೇ ಕೈಗೆ ಪಾಠ ಸಿಕ್ಕಿತು.

ಹಳೇ ಟೆಸ್ಟರ್‌ಗಳನ್ನು ಮರೆಯಬೇಡಿ. ಕವಲು ಕಥೆಯನ್ನು ಜನ ಎರಡನೇ ಸಲ ಆಡುತ್ತಾರೆ. ಮತ್ತೆ ಆಡಿದಾಗ ಬೇರೆ ಏನಾದರೂ ಸಿಗುತ್ತದಾ, ಓದಿದ್ದನ್ನೇ ಓದಿ ಸಾಕಾಗುತ್ತದಾ ಎಂದು ಹೇಳಬಲ್ಲವರು ಅವರೇ.

ಹೆಜ್ಜೆ 9: ಕೊನೆಯ ಇಬ್ಬರು

ಎಲ್ಲ ಮುಗಿಯಿತು ಎನಿಸಿದಾಗ ಮುಟ್ಟದೆ ಇಟ್ಟ ಆ ಇಬ್ಬರನ್ನು ಕರೆಯಿರಿ. ಈ ಸಲ ಪಕ್ಕದಲ್ಲಿ ಕೂರಬೇಡಿ. ಅವರ ಮನೆಯಲ್ಲಿ, ಅವರ ಫೋನಿನಲ್ಲಿ, ಅವರಿಗೆ ಬಿಡುವಾದಾಗ ಆಡಲಿ. ಅಲ್ಲಿ ನಡುವೆ ಫೋನ್ ಕಾಲ್ ಬರುತ್ತದೆ, ಕರೆಂಟ್ ಹೋಗುತ್ತದೆ, ಮಗು ಅಳುತ್ತದೆ. ಅರ್ಧಕ್ಕೆ ನಿಂತದ್ದು ಮರುದಿನ ಅದೇ ಸಾಲಿನಿಂದ ಶುರುವಾಗುತ್ತದಾ ಎಂದು ಆಗಲೇ ಗೊತ್ತಾಗುವುದು. ಇವರು ಹೇಳಿದ ಮೇಲೆ ಕಥೆಯ ಪದ ಮುಟ್ಟಬೇಡಿ, ಗೇಮ್ ನಿಂತುಹೋಗುವ ದೋಷಗಳನ್ನಷ್ಟೇ ತಿದ್ದಿ. ಕೊನೆಯ ವಾರ ತಿದ್ದಿದ ಒಂದು ಸಾಲು ಮೂರು ಕವಲುಗಳನ್ನು ಮುರಿಯಬಹುದು.

ಆಡಿಕೊಟ್ಟವರ ಹೆಸರನ್ನು ಕೊನೆಯ ಪರದೆಯಲ್ಲಿ ಹಾಕುವ ಮುಂಚೆ ಒಬ್ಬೊಬ್ಬರನ್ನೂ ಕೇಳಿ. ಕೆಲವರಿಗೆ ಬೇಡವಾಗಿರುತ್ತದೆ. ಹೆಸರನ್ನು ಅವರು ಬರೆಯುವ ಹಾಗೆಯೇ ಬರೆಯಿರಿ. ರೆಕಾರ್ಡಿಂಗ್‌ಗಳನ್ನು ಮಾತು ಕೊಟ್ಟ ದಿನ ಅಳಿಸಿ, ಅಳಿಸಿದ್ದೇನೆ ಎಂದು ಅವರಿಗೆ ಒಂದು ಸಾಲು ಕಳಿಸಿ.